ಅರ್ಧ ಕಿಲೋ ಕೆಂಧೂಳು, ಒಂದು ಊರಿನ ಆಕಾಶ

ಹೊಸಪೇಟೆಯ ಮೇಲಿರುವ ಗಾಳಿಯನ್ನು ಒಮ್ಮೆ ತೂಗಿ ನೋಡೋಣ. ತುಂಗಭದ್ರಾ ಅಣೆಕಟ್ಟಿನ (ಟಿ.ಬಿ. ಡ್ಯಾಂ) ಕಡೆಯಿಂದ ಕಮಲಾಪುರದ ದಿಕ್ಕಿಗೆ 10 ಕಿಲೋಮೀಟರ್ ಉದ್ದ, 5 ಕಿಲೋಮೀಟರ್ ಅಗಲದ ಒಂದು ಆಯತವನ್ನು ಮನಸ್ಸಿನಲ್ಲೇ ಎಳೆಯೋಣ. ಚಳಿಗಾಲದ ಇರುಳಲ್ಲಿ ಗಾಳಿಯಾಟ ನಿಂತು ನೆಲ ಬೇಗ ತಣಿದಾಗ ಕೆಳಗಿನ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಕೂತುಬಿಡುತ್ತದೆ. ಆಗ ನೆಲದಿಂದೆದ್ದ ಹೊಗೆಯೂ ಧೂಳೂ ನೂರು ಮೀಟರಿನಷ್ಟು ಎತ್ತರದೊಳಗೇ ಸಿಕ್ಕಿಕೊಳ್ಳುವುದುಂಟು. ಆ ಎತ್ತರದವರೆಗೆ ನಮ್ಮ ಆಯತದಲ್ಲಿ ತುಂಬಿರುವ ಗಾಳಿ 500 ಕೋಟಿ ಘನ ಮೀಟರ್. ಅದರ ತೂಕ ಸುಮಾರು 60 ಲಕ್ಷ ಟನ್.

ನಮ್ಮ ದೇಶದ ಮಾನದಂಡದ ಪ್ರಕಾರ 10 ಮೈಕ್ರಾನಿಗಿಂತ ಸಣ್ಣ ಧೂಳು, ಅಂದರೆ ಪಿಎಂ 10, ದಿನದ ಸರಾಸರಿಯಲ್ಲಿ ಪ್ರತಿ ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ದಾಟಬಾರದು. ಹಾಗಾದರೆ ಈ 60 ಲಕ್ಷ ಟನ್ ಗಾಳಿಯನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಲು ಎಷ್ಟು ಧೂಳು ಬೇಕು? ಬರೀ 500 ಕಿಲೋ. ಹತ್ತು ಸಿಮೆಂಟ್ ಚೀಲದ ತೂಕ.

ಸಂಡೂರಿನ ಗಣಿಗಳಿಂದ ಬರುವ ಒಂದು ಕಬ್ಬಿಣದ ಅದಿರಿನ ಲಾರಿಯಲ್ಲಿ ಅದರ ಮೂವತ್ತೆರಡು ಪಟ್ಟು ಇರುತ್ತದೆ. ಹತ್ತು ಚಕ್ರದ ಲಾರಿಗೆ ಗಣಿಗಾರಿಕೆಯ ಭರಾಟೆಯ ದಿನಗಳಲ್ಲಿ ಕಾನೂನು ಒಪ್ಪಿದ್ದ ಹೊರೆ ಸುಮಾರು 16 ಟನ್. ಒಂದು ರಾತ್ರಿ ಸಾವಿರ ಲಾರಿಗಳು ಊರ ಪಕ್ಕ ಹಾದು, ಒಂದೊಂದೂ ಅರ್ಧ ಕಿಲೋ ಸಣ್ಣ ಧೂಳನ್ನು ಗಾಳಿಗೆ ಬಿಟ್ಟರೆ ಸಾಕು, ಇಡೀ ಊರಿನ ಆಕಾಶ ಮಿತಿ ಮುಟ್ಟುತ್ತದೆ. ಅರ್ಧ ಕಿಲೋ ಎಂದರೆ ಲೋಡಿನ ಮೂವತ್ತೆರಡು ಸಾವಿರದಲ್ಲಿ ಒಂದು ಪಾಲು. ಟಾರ್ಪಾಲಿನ ಒಂದು ಮೂಲೆ ಸಡಿಲಾದರೂ ಅಷ್ಟು ಹಾರೀತು. ಚಕ್ರಗಳು ರಸ್ತೆಯಿಂದ ಎಬ್ಬಿಸುವ ಧೂಳು ಬೇರೆ.

ಗಾಳಿ ಕೆಡುವುದು ಇಷ್ಟು ಸುಲಭ. ಮನುಷ್ಯ ತನ್ನ ಓಡಾಟ ನಿಲ್ಲಿಸಿದರೆ ಅದು ತಿಳಿಯಾಗುವುದೂ ಅಷ್ಟೇ ಬೇಗ. ಬಳ್ಳಾರಿ ಸೀಮೆ ಇದನ್ನು ಹತ್ತು ವರ್ಷದೊಳಗೆ ಎರಡು ಸಲ ಕಂಡಿದೆ: 2011ರಲ್ಲಿ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟಿನ ಆದೇಶದಿಂದ, 2020ರಲ್ಲಿ ಕೊರೊನಾದಿಂದ.

ಒಂದು ಗ್ರಾಮಿನೊಳಗೆ ಎಷ್ಟು ಕಣ?

ಸಂಡೂರಿನ ಅದಿರು ಬಹುಪಾಲು ಹೆಮಟೈಟ್. ನೀರಿಗಿಂತ ಐದು ಪಟ್ಟು ಭಾರ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹೆಮಟೈಟನ್ನು 10 ಮೈಕ್ರಾನಿನ ಗುಂಡು ಕಣಗಳಾಗಿ ಒಡೆದರೆ ಒಂದು ಗ್ರಾಮಿಗೆ ಸುಮಾರು 36 ಕೋಟಿ ಕಣ. ಇನ್ನೂ ಸಣ್ಣದಾಗಿ, 2.5 ಮೈಕ್ರಾನಿಗೆ ಒಡೆದರೆ 2,300 ಕೋಟಿಗೂ ಹೆಚ್ಚು. ಭೂಮಿಯ ಮೇಲಿರುವ ಮನುಷ್ಯರೆಲ್ಲ ಸೇರಿ 800 ಕೋಟಿಯಷ್ಟು. ಚಿಟಿಕೆ ಕೆಂಧೂಳನ್ನು ಜಗತ್ತಿಗೆಲ್ಲ ಹಂಚಿದರೂ ತಲೆಗೆ ಎರಡು ಮೂರು ಕಣ ಬರುತ್ತವೆ.

ಇನ್ನು ಉಸಿರಿನ ಲೆಕ್ಕ. ಒಬ್ಬ ವಯಸ್ಕ ದಿನಕ್ಕೆ ಸುಮಾರು 11 ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ, ತೂಕದಲ್ಲಿ 13 ಕಿಲೋ. ನಾವು ದಿನಕ್ಕೆ ಉಣ್ಣುವ ಅನ್ನ, ಕುಡಿಯುವ ನೀರು ಎಲ್ಲ ಕೂಡಿಸಿದರೂ ಅದರ ಅರ್ಧವಾಗದು. ನೀರನ್ನು ಸೋಸಿ ಕುಡಿಯುತ್ತೇವೆ, ಅಕ್ಕಿಯನ್ನು ಆರಿಸಿ ತೊಳೆದು ಬೇಯಿಸುತ್ತೇವೆ. ಗಾಳಿಯನ್ನು ಮಾತ್ರ ಬಂದಹಾಗೆ ಒಳಗೆ ಬಿಟ್ಟುಕೊಳ್ಳುತ್ತೇವೆ. 2.5 ಮೈಕ್ರಾನಿನ ಧೂಳಿಗೆ ನಮ್ಮ ದೇಶ ಇಟ್ಟಿರುವ ದಿನದ ಮಿತಿ 60 ಮೈಕ್ರೋಗ್ರಾಂ. ಆ ಮಿತಿಯೊಳಗೇ ಇದ್ದ ದಿನವೂ, ಧೂಳೆಲ್ಲ ಹೆಮಟೈಟೇ ಎಂದು ಹಿಡಿದರೆ, ಒಬ್ಬೊಬ್ಬರ ಶ್ವಾಸನಾಳಕ್ಕೆ ಒಂದೂವರೆ ಕೋಟಿ ಕಣ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ನಮ್ಮದು ಅದರ ನಾಲ್ಕು ಪಟ್ಟು.

2011ರ ಜನಗಣತಿಯಲ್ಲಿ ಹೊಸಪೇಟೆಯ ಜನ ಎರಡು ಲಕ್ಷ ದಾಟಿದ್ದರು. ಅಷ್ಟೂ ಜನ ಸೇರಿ ದಿನಕ್ಕೆ ಉಸಿರಾಡುವ ಗಾಳಿ 2,600 ಟನ್. ಆ ಊರು ಉಂಡದ್ದಕ್ಕಿಂತ, ಕುಡಿದದ್ದಕ್ಕಿಂತ ಹೆಚ್ಚಾಗಿ ಒಳಗೆಳೆದುಕೊಂಡ ವಸ್ತು ಇದೇ.

ಹತ್ತು ಸೆಕೆಂಡಿಗೊಂದು ಲಾರಿ

ಈ ಧೂಳಿನ ಹಿಂದಿದ್ದ ಓಡಾಟ ಎಷ್ಟು ದೊಡ್ಡದು? ಅದಿರು ತೆಗೆಯುವುದಕ್ಕೆ ಸುಪ್ರೀಂ ಕೋರ್ಟ್ ಮುಂದೆ 2013ರಲ್ಲಿ ಬಳ್ಳಾರಿ ಜಿಲ್ಲೆಗೆ ಹಾಕಿದ ಮಿತಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ: ವರ್ಷಕ್ಕೆ ಎರಡೂವರೆ ಕೋಟಿ ಟನ್. ದಿನಕ್ಕೆ 68 ಸಾವಿರ ಟನ್ ಚಿಲ್ಲರೆ. ಅಷ್ಟನ್ನೂ 16 ಟನ್ನಿನ ಲಾರಿಗಳಲ್ಲೇ ಸಾಗಿಸಿದರೆ ದಿನಕ್ಕೆ 4,280 ಲೋಡು. ಹೋದ ಲಾರಿ ಖಾಲಿಯಾಗಿ ಮರಳಬೇಕಲ್ಲ, ಹಾಗಾಗಿ 8,560 ಓಡಾಟ. ಹಗಲೂ ರಾತ್ರಿಯೂ ಬಿಡುವಿಲ್ಲದೆ ಹತ್ತು ಸೆಕೆಂಡಿಗೊಂದು.

ಇದು ಕಡಿವಾಣ ಹಾಕಿದ ಮೇಲಿನ ಲೆಕ್ಕ. ಅದಕ್ಕೂ ಮೊದಲಿನ ಭರಾಟೆಯ ವರ್ಷಗಳಲ್ಲಿ ರಾಜ್ಯದ ಅದಿರಿನ ಉತ್ಪಾದನೆ 4 ಕೋಟಿ ಟನ್ನಿನ ಆಸುಪಾಸಿನಲ್ಲಿತ್ತು, ಅದರ ಬಹುಪಾಲು ಇದೇ ಸಂಡೂರು ಬೆಟ್ಟಸಾಲಿನದು. ಪರ್ಮಿಟ್ಟಿಲ್ಲದ್ದು ಬೇರೆ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಕೊಟ್ಟ ವರದಿ, 2006ರಿಂದ 2010ರ ನಡುವೆ ಅಕ್ರಮವಾಗಿ ಹೊರದೇಶಕ್ಕೆ ಹೋದ ಅದಿರನ್ನು 2.98 ಕೋಟಿ ಟನ್ ಎಂದೂ ಅದರ ಮೌಲ್ಯವನ್ನು 12,228 ಕೋಟಿ ರೂಪಾಯಿ ಎಂದೂ ಲೆಕ್ಕ ಹಾಕಿತು. ಆ ಅದಿರನ್ನಷ್ಟೇ 16 ಟನ್ನಿನಂತೆ ತುಂಬಿದರೆ 18 ಲಕ್ಷ 60 ಸಾವಿರ ಲೋಡು. ಒಂದು ಲಾರಿ 8 ಮೀಟರ್ ಎಂದಿಟ್ಟುಕೊಂಡು ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ ಸಾಲು 14,900 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಾಲ್ಕೂವರೆ ಸಲ. ಭೂಮಿಯನ್ನು ಈ ಬದಿಯಿಂದ ಆ ಬದಿಗೆ ಕೊರೆದರೆ ಸಿಗುವ ದೂರ 12,742 ಕಿಲೋಮೀಟರ್. ಈ ಸಾಲು ಅದನ್ನೂ ಮೀರುತ್ತದೆ.

ಲಾರಿಗಳು ನಿಜಕ್ಕೂ 16 ಟನ್ನಿಗೆ ನಿಲ್ಲಲಿಲ್ಲ. ಮಿತಿಮೀರಿದ ಹೊರೆಯ ಬಗ್ಗೆ ಆ ವರದಿಯೇ ವಿವರವಾಗಿ ಹೇಳಿದೆ. ಲೋಡು ಬಂಡಿಯ ಅಂಚು ಮೀರಿದಷ್ಟೂ ಉದುರುವುದು ಹೆಚ್ಚು, ರಸ್ತೆ ಒಡೆಯುವುದು ಹೆಚ್ಚು. ಒಡೆದ ರಸ್ತೆಯಲ್ಲಿ ಉದುರಿದ ಅದಿರನ್ನು ಹಿಂದಿನ ಲಾರಿಯ ಚಕ್ರ ಅರೆಯುತ್ತದೆ, ಅದರ ಹಿಂದಿನದು ಇನ್ನೂ ನುಣ್ಣಗೆ ಅರೆಯುತ್ತದೆ. ಗಣಿಯಿಂದ ಹೊರಡುವಾಗ ಕಲ್ಲಾಗಿದ್ದದ್ದು ಊರು ತಲುಪುವ ಹೊತ್ತಿಗೆ ಪುಡಿಯಾಗಿರುತ್ತದೆ.

ನಿಂತಾಗ ಏನಾಯಿತು

2011ರ ಜುಲೈ 29ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಹೂಡಿದ್ದ ದಾವೆಯ ಫಲ ಅದು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರುಗಳಿಗೂ ಅದೇ ಆದೇಶ. ಉಕ್ಕಿನ ಕಾರ್ಖಾನೆಗಳು ಪೂರ್ತಿ ಬರಿದಾಗದಿರಲೆಂದು ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಒಪ್ಪಿಗೆ ಸಿಕ್ಕಿತು. ಮೊದಲು ತಿಂಗಳಿಗೆ ಮೂವತ್ತು ಲಕ್ಷ ಟನ್ನಿನ ಮೇಲಿದ್ದ ಉತ್ಪಾದನೆ ಸುಮಾರು ಮೂರನೇ ಒಂದು ಪಾಲಿಗೆ ಇಳಿಯಿತು. ಖಾಸಗಿ ಗಣಿಗಳಲ್ಲಿ ಮೊದಲ ಹದಿನೆಂಟಕ್ಕೆ ಮತ್ತೆ ಕೆಲಸ ಶುರು ಮಾಡಲು ಅನುಮತಿ ದೊರೆತದ್ದು 2012ರ ಸೆಪ್ಟೆಂಬರಿನಲ್ಲಿ, ಹದಿಮೂರು ತಿಂಗಳ ಮೇಲೆ.

ಓಡಾಟ ನಿಂತಾಗ ಗಾಳಿ ತಿಳಿಯಾಗುವುದು ಒಂದೇ ಸಲಕ್ಕಲ್ಲ, ಕಣದ ಗಾತ್ರಕ್ಕೆ ತಕ್ಕಂತೆ. 10 ಮೀಟರ್ ಎತ್ತರಕ್ಕೆ ಎದ್ದ ಹೆಮಟೈಟ್ ಧೂಳನ್ನು ತೆಗೆದುಕೊಳ್ಳಿ. 100 ಮೈಕ್ರಾನಿನ ಕಣ ಕೆಲವೇ ಸೆಕೆಂಡುಗಳಲ್ಲಿ ನೆಲ ಸೇರುತ್ತದೆ; ರಸ್ತೆಬದಿಯ ಬೇವು, ಜಾಲಿಗಳ ಎಲೆ ಕೆಂಪಾಗುತ್ತಿದ್ದದ್ದು ಇದರಿಂದ. 10 ಮೈಕ್ರಾನಿನ ಕಣಕ್ಕೆ ಸುಮಾರು ಹತ್ತು ನಿಮಿಷ ಬೇಕು. ಗಂಟೆಗೆ 11 ಕಿಲೋಮೀಟರಿನ ಸಾಧಾರಣ ಗಾಳಿ ಅಷ್ಟರಲ್ಲಿ ಅದನ್ನು ಎರಡು ಕಿಲೋಮೀಟರ್ ಒಯ್ದಿರುತ್ತದೆ. 2.5 ಮೈಕ್ರಾನಿನ ಕಣ ಇಳಿಯಲು ಮೂರು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಮೂವತ್ತು ಕಿಲೋಮೀಟರ್ ಸಾಗಿರುತ್ತದೆ. ಸಂಡೂರಿನಿಂದ ಹೊಸಪೇಟೆಗಿರುವ ನೇರ ದೂರ ಅದಕ್ಕಿಂತ ಕಡಿಮೆ. ಕಣಿವೆಯಲ್ಲಿ ಎದ್ದ ಧೂಳು ಇನ್ನೊಂದು ತಾಲ್ಲೂಕಿನ ಮನೆಯೊಳಗೆ ಇಳಿಯುವುದಕ್ಕೆ ಬಿರುಗಾಳಿ ಬೇಕಿಲ್ಲ.

ಒಂದು ಮೈಕ್ರಾನಿಗಿಂತ ಸಣ್ಣದಾದ ಹೊಗೆಯ ಕಣಗಳು ತಾವಾಗಿ ಇಳಿಯುವುದೇ ಅಪರೂಪ. ಮಳೆ ತೊಳೆಯುವವರೆಗೆ ಕೆಲವು ದಿನ, ಒಮ್ಮೊಮ್ಮೆ ವಾರ, ತೇಲುತ್ತಲೇ ಇರುತ್ತವೆ. ಆದರೂ ಗಮನಿಸಿ, ಇವೆಲ್ಲ ನಿಮಿಷ, ಗಂಟೆ, ದಿನಗಳ ಲೆಕ್ಕ. ಹತ್ತು ವರ್ಷ ಕೆಡಿಸಿದ ಗಾಳಿ ತಿಳಿಯಾಗಲು ಹತ್ತು ವರ್ಷ ಕೇಳುವುದಿಲ್ಲ. ನದಿ ಹಾಗಲ್ಲ, ಬೆಟ್ಟ ಹಾಗಲ್ಲ. ತುಂಗಭದ್ರಾ ಜಲಾಶಯ 1953ರ ಹೊತ್ತಿಗೆ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ ನೀರು. 2016ರ ಅಳತೆಯಲ್ಲಿ ಉಳಿದಿದ್ದದ್ದು 105.788. ಮಲೆನಾಡಿನಿಂದ ಇಲ್ಲಿಯವರೆಗೆ ನದಿ ಹೊತ್ತು ತಂದ ಹೂಳು ಒಮ್ಮೆ ಕೂತರೆ ಕೂತಂತೆಯೇ. ಗಾಳಿಯೊಂದೇ ನಮಗೆ ದಿನವೂ ಹೊಸದಾಗಿ ಸಿಗುವುದು.

ಹದಿಮೂರು ತಿಂಗಳು, ಯೂಟಾ ಕಣಿವೆಯಲ್ಲಿ

ಇಂಥದೇ ಬಿಡುವು ಅಮೆರಿಕದಲ್ಲೂ ಒಮ್ಮೆ ಬಂದಿತ್ತು. ಅಲ್ಲಿನ ಯೂಟಾ ಕಣಿವೆಯಲ್ಲಿ ಜಿನೀವಾ ಎಂಬ ಉಕ್ಕಿನ ಕಾರ್ಖಾನೆಯಿತ್ತು. ಕಾರ್ಮಿಕರ ಒಪ್ಪಂದದ ಜಗಳದಿಂದ 1986ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಮತ್ತೆ ತೆರೆದದ್ದು 1987ರ ಸೆಪ್ಟೆಂಬರಿನಲ್ಲಿ. ಅಲ್ಲೂ ಹದಿಮೂರು ತಿಂಗಳು. ಆರ್ಡನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು ಆ ಕಣಿವೆಯ ಆಸ್ಪತ್ರೆಗಳ ದಾಖಲೆಗಳನ್ನೂ ಗಾಳಿ ಅಳೆದ ಅಂಕಿಗಳನ್ನೂ ಎದುರುಬದುರು ಇಟ್ಟು ನೋಡಿದರು. ಕಾರ್ಖಾನೆ ನಡೆಯುತ್ತಿದ್ದಾಗ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಎದೆಕಫ, ಉಬ್ಬಸಗಳಿಂದ ಆಸ್ಪತ್ರೆ ಸೇರಿದ್ದು, ಅದು ಮುಚ್ಚಿದ್ದಾಗಿನದಕ್ಕಿಂತ ಸುಮಾರು ಎರಡು ಪಟ್ಟು. ದಿನದ ಪಿಎಂ 10 ಪ್ರಮಾಣ 150 ಮೈಕ್ರೋಗ್ರಾಂ ದಾಟಿದ ತಿಂಗಳುಗಳಲ್ಲಿ ಮಕ್ಕಳ ದಾಖಲಾತಿ ಹತ್ತಿರ ಹತ್ತಿರ ಮೂರು ಪಟ್ಟು; ದೊಡ್ಡವರದು ಶೇ 44 ಹೆಚ್ಚು.

1989ರಿಂದ ಪ್ರಕಟವಾಗತೊಡಗಿದ ಈ ಲೆಕ್ಕ, ಧೂಳಿಗೂ ರೋಗಕ್ಕೂ ಇರುವ ನಂಟನ್ನು ಎದ್ದುಕಾಣುವಂತೆ ಮುಂದಿಟ್ಟಿತು. ಪೋಪ್ ಹೊಸ ಯಂತ್ರವನ್ನೇನೂ ಕಂಡುಹಿಡಿದವರಲ್ಲ. ದಿನ ತಪ್ಪದೆ ಗಾಳಿ ಅಳೆದಿಟ್ಟವರಿದ್ದರು, ಮಕ್ಕಳ ಹೆಸರು ಬರೆದಿಟ್ಟ ಆಸ್ಪತ್ರೆಗಳಿದ್ದವು. ಆ ಎರಡು ಪುಸ್ತಕಗಳಿದ್ದುದರಿಂದಲೇ ಒಂದು ಕಾರ್ಖಾನೆಯ ಬಿಡುವು ಇಡೀ ಜಗತ್ತಿಗೆ ಪಾಠವಾಯಿತು.

130 ಕೋಟಿ ಜನ ಮನೆಯೊಳಗೆ

2020ರ ಮಾರ್ಚ್ 25ರಿಂದ ನಿಂತದ್ದು ಒಂದು ಜಿಲ್ಲೆಯಲ್ಲ, ಇಡೀ ದೇಶ. ಅದಕ್ಕೂ ವಾರದ ಮೊದಲೇ ಹಂಪಿಯೂ ಸೇರಿ ಪುರಾತತ್ವ ಇಲಾಖೆಯ ಮೂರೂವರೆ ಸಾವಿರಕ್ಕೂ ಹೆಚ್ಚು ಸ್ಮಾರಕಗಳ ಬಾಗಿಲು ಮುಚ್ಚಿತ್ತು. ಬಹುಪಾಲು ತೆರೆಯಲು ಜುಲೈ 6 ಬರಬೇಕಾಯಿತು. ಪ್ರಯಾಣಿಕರ ರೈಲು ನಿಂತಿತು. ರಾಜ್ಯದ ಸರ್ಕಾರಿ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ದಿಲ್ಲಿ, ಮುಂಬೈಗಳ ಮೇಲೆ ನೈಟ್ರೋಜನ್ ಡೈಆಕ್ಸೈಡ್ ಶೇ 40ರಿಂದ 50ರಷ್ಟು ಇಳಿದದ್ದನ್ನು ಯುರೋಪಿನ ಉಪಗ್ರಹ ಆಕಾಶದಿಂದಲೇ ಕಂಡಿತು. ಉತ್ತರ ಭಾರತದ ಮೇಲಿನ ಧೂಳುಹೊಗೆ, ವರ್ಷದ ಆ ಕಾಲಕ್ಕೆ, ಇಪ್ಪತ್ತು ವರ್ಷದಲ್ಲೇ ಕಡಿಮೆ ಎಂದು ನಾಸಾ ಹೇಳಿತು. ಏಪ್ರಿಲ್ ಮೊದಲ ವಾರದಲ್ಲಿ ಜಗತ್ತು ದಿನಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್, 2019ರ ಸರಾಸರಿಗೆ ಹೋಲಿಸಿದರೆ, ಶೇ 17 ತಗ್ಗಿತ್ತು.

ಎಲ್ಲ ಶ್ರೇಯಸ್ಸೂ ಲಾಕ್‌ಡೌನಿನದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾವಿಗೆ ಗಾಳಿ ಕಿಲೋಮೀಟರುಗಟ್ಟಲೆ ಮೇಲೇಳುತ್ತದೆ. ಚಳಿಗಾಲದಲ್ಲಿ ನೂರು ಮೀಟರಿನೊಳಗೆ ಸಿಕ್ಕಿಕೊಳ್ಳುವ ಧೂಳು ಆಗ ಇಪ್ಪತ್ತು ಮೂವತ್ತು ಪಟ್ಟು ದೊಡ್ಡ ಆಕಾಶದಲ್ಲಿ ಹರಡಿ ತೆಳುವಾಗುತ್ತದೆ. ನಡುವೆ ಬರುವ ಮುಂಗಾರುಪೂರ್ವ ಮಳೆ ತೊಳೆದುಹಾಕುತ್ತದೆ. ಇನ್ನೊಂದೆಡೆ ಓಜೋನ್ ಎಂಬ ಅನಿಲ ಹಲವು ನಗರಗಳಲ್ಲಿ ಏರಿತು. ವಾಹನದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಓಜೋನನ್ನು ತಿನ್ನುತ್ತದೆ. ಆ ಹೊಗೆ ಕಡಿಮೆಯಾದಾಗ ಬಿಸಿಲಿನಲ್ಲಿ ಹುಟ್ಟಿದ ಓಜೋನ್ ಉಳಿದುಕೊಂಡಿತು. ಗಾಳಿಯಲ್ಲಿ ಒಂದನ್ನು ತೆಗೆದರೆ ಇನ್ನೊಂದು ತಲೆಯೆತ್ತುವುದುಂಟು.

ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೂತರೂ ಜಗ್ಗದೇ ಇದ್ದದ್ದು ಗಾಳಿಯಲ್ಲಿ ಆಗಲೇ ಸೇರಿಹೋಗಿದ್ದ ಇಂಗಾಲದ ಡೈಆಕ್ಸೈಡ್. ಹವಾಯಿಯ ಮೌನಾ ಲೋವಾದಲ್ಲಿ 2020ರ ಮೇ ತಿಂಗಳ ಅಳತೆ 417 ಪಿಪಿಎಂ, ಹಿಂದಿನ ಮೇ ತಿಂಗಳಿಗಿಂತ ಎರಡಕ್ಕೂ ಹೆಚ್ಚು. ಧೂಳಿನ ಆಯಸ್ಸು ದಿನಗಳದು, ಈ ಅನಿಲದ್ದು ಶತಮಾನಗಳದು.

ಸಂಡೂರಿನ ಅದಿರಿಗೂ ಈ ಅನಿಲಕ್ಕೂ ಇರುವ ಸಂಬಂಧ ಬೆರಗು ಹುಟ್ಟಿಸುವಂಥದು. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದೊಡನೆ ಕೂಡಿ, ತಳಕ್ಕಿಳಿದು, ಪದರ ಪದರವಾಗಿ ಈ ಬೆಟ್ಟಗಳ ಒಡಲಾಯಿತು. ಶುದ್ಧ ಹೆಮಟೈಟಿನ ತೂಕದಲ್ಲಿ ಶೇ 30 ಆಮ್ಲಜನಕ. ಒಂದು ಟನ್ನಿನಲ್ಲಿ 300 ಕಿಲೋ, ಒಬ್ಬ ಮನುಷ್ಯ ಒಂದು ವರ್ಷವಿಡೀ ಉಸಿರಾಡಿ ಬಳಸುವಷ್ಟು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗಳಲ್ಲಿ ಕಲ್ಲಿದ್ದಲು ಆ ಆಮ್ಲಜನಕವನ್ನು ಕಬ್ಬಿಣದಿಂದ ಬಿಡಿಸಿಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಟುಹೋಗುತ್ತದೆ. ಇನ್ನೂರೆಪ್ಪತ್ತು ಕೋಟಿ ವರ್ಷ ಕಲ್ಲಿನೊಳಗೆ ಕಟ್ಟಿಬಿದ್ದದ್ದು ಕೆಲವು ಗಂಟೆಗಳಲ್ಲಿ ಆಕಾಶ ಸೇರುತ್ತದೆ. ಎರಡೂವರೆ ಕೋಟಿ ಟನ್ ಅದಿರಿನಲ್ಲಿ ಹೀಗೆ ಬಿಡುಗಡೆಯಾಗುವ ಆಮ್ಲಜನಕ 60 ಲಕ್ಷ ಟನ್ ಮೀರುತ್ತದೆ. ಎರಡು ಕೋಟಿ ಜನರ ವರ್ಷದ ಉಸಿರು.

ನಿಲ್ಲಿಸುವುದೇ ದಾರಿಯೇ?

ಗಣಿ ನಿಂತಾಗ ಗಾಳಿಗೆ ಸಿಕ್ಕ ಬಿಡುವಿನ ಬೆಲೆಯನ್ನು ಬಡವರು ತೆತ್ತರು. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಕೂತರು. ಚಾಲಕ, ಕ್ಲೀನರ್, ಪಂಕ್ಚರ್ ಅಂಗಡಿಯವನು, ರಸ್ತೆಬದಿಯ ಖಾನಾವಳಿಯವಳು, ಹೀಗೆ ಬಹಳ ಜನರ ಕೆಲಸ ಹೋಯಿತು. ಲಾಕ್‌ಡೌನಿನಲ್ಲೂ ಅದೇ ಆಯಿತು: ಆಕಾಶ ತಿಳಿಯಾದಾಗ ದಿನಗೂಲಿಯವರ ಒಲೆ ತಣ್ಣಗಿತ್ತು. ದುಡಿಮೆ ನಿಲ್ಲಿಸಿ ಗಳಿಸಿದ ಶುದ್ಧ ಗಾಳಿಯನ್ನು ನಾನು ಗೆಲುವು ಎನ್ನಲಾರೆ. ಅದು ಕೆಲಸದ ರೀತಿ ಬದಲಾದರೆ ಏನಾದೀತೆಂಬುದಕ್ಕೆ ಪುರಾವೆ, ಅಷ್ಟೆ.

ರೀತಿ ಬದಲಿಸಿದ ಊರುಗಳಿವೆ. ಐರ್ಲೆಂಡಿನ ಡಬ್ಲಿನ್ 1990ರ ಸೆಪ್ಟೆಂಬರಿನಲ್ಲಿ ಹೊಗೆ ಹೆಚ್ಚು ಬರುವ ಕಲ್ಲಿದ್ದಲಿನ ಮಾರಾಟವನ್ನು ನಿಷೇಧಿಸಿತು. ಜನ ಚಳಿ ಕಾಯಿಸುವುದನ್ನು ಬಿಡಲಿಲ್ಲ, ಉರುವಲು ಬದಲಿಸಿದರು. ಕಪ್ಪು ಹೊಗೆ ಶೇ 70ರಷ್ಟು ಇಳಿಯಿತು. ನಮ್ಮಲ್ಲೂ ಸಂಡೂರಿನ ನಂದಿಹಳ್ಳಿಯಿಂದ ತೋರಣಗಲ್ಲಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಕನ್ವೇಯರ್ ಬಂದಿದೆ. ಕೊಳವೆಯಾಗಿ ಮಡಿಚಿಕೊಂಡ ಪಟ್ಟಿಯೊಳಗೆ ಅದಿರು ಸಾಗುತ್ತದೆ. ಗಾಳಿಗೂ ಅದಕ್ಕೂ ಭೇಟಿಯಿಲ್ಲ, ಚಕ್ರಕ್ಕೂ ರಸ್ತೆಗೂ ಘರ್ಷಣೆಯಿಲ್ಲ.

ಇದೆಲ್ಲ ಈಗ ಇನ್ನಷ್ಟು ತುರ್ತು. 2022ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಮಿತಿಯನ್ನು ವರ್ಷಕ್ಕೆ ಮೂರೂವರೆ ಕೋಟಿ ಟನ್ನಿಗೆ ಏರಿಸಿತು. ಅಷ್ಟನ್ನೂ ಹಳೆಯ ರೀತಿಯಲ್ಲೇ ಲಾರಿಗೆ ತುಂಬಿದರೆ ದಿನಕ್ಕೆ 6 ಸಾವಿರ ಲೋಡು, 12 ಸಾವಿರ ಓಡಾಟ. ಅದೇ ಅದಿರನ್ನು ಗೂಡ್ಸ್ ರೈಲಿಗೆ ಹಾಕಿದರೆ? 58 ವ್ಯಾಗನ್ನಿನ ಒಂದು ರೇಕು ಸುಮಾರು 3,800 ಟನ್ ಹೊರುತ್ತದೆ. ದಿನಕ್ಕೆ 25 ರೇಕು ಸಾಕು. ಗಣಿಯಿಂದ ಸೈಡಿಂಗಿನವರೆಗೆ ಲಾರಿ ಬೇಕೇ ಬೇಕು, ಚಾಲಕರ ಕೆಲಸವೂ ಉಳಿಯಬೇಕು. ಆ ಚಿಕ್ಕ ದೂರದ ರಸ್ತೆ ಕಾಂಕ್ರೀಟಿನದಾಗಲಿ, ನೀರು ಹೊಡೆಯಲಿ, ಹೊರೆ ಮಿತಿಯಲ್ಲಿರಲಿ, ಟಾರ್ಪಾಲು ನಾಲ್ಕೂ ಮೂಲೆಗೆ ಬಿಗಿಯಾಗಲಿ. ದಿನಕ್ಕೆ ಎಂಟು ಹತ್ತು ತಾಸು ಎಲ್ಲರಿಗಿಂತ ಹೆಚ್ಚು ಧೂಳು ನುಂಗುವವರು ಆ ಚಾಲಕರೇ.

ಹಣದ ಮಾತು ಬಂದರೆ, ಹಣ ಇದೆ. ಗಣಿಗಾರಿಕೆಯಿಂದ ನಲುಗಿದ ಪ್ರದೇಶದ ಪುನಶ್ಚೇತನಕ್ಕೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಅದರ ಉಸ್ತುವಾರಿಗೆ ಆಗ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಆ ಹಣದಿಂದ ಮೊದಲು ಆಗಬೇಕಾದ ಕೆಲಸ ಅಳತೆ. ಸಂಡೂರಿನ ಶಾಲೆಯಂಗಳದಲ್ಲಿ, ತೋರಣಗಲ್ಲಿನ ಬಸ್ ನಿಲ್ದಾಣದಲ್ಲಿ, ಟಿ.ಬಿ. ಡ್ಯಾಂ ವೃತ್ತದಲ್ಲಿ, ಕಮಲಾಪುರ ಮತ್ತು ಕಂಪ್ಲಿಯ ಆಸ್ಪತ್ರೆಯ ಎದುರು, ಹೀಗೆ 50 ಕಡೆ ಹಗಲಿರುಳು ಗಾಳಿ ಅಳೆಯುವ ಕೇಂದ್ರಗಳು ಬೇಕು. ಇಂದಿನ ಅಂಕಿ ದಾರಿಹೋಕರಿಗೂ ಕಾಣುವಂತೆ ಬೋರ್ಡಿನಲ್ಲಿ ಬರಬೇಕು, ಪಕ್ಕದ ಆಸ್ಪತ್ರೆ ಉಬ್ಬಸಕ್ಕೆಂದು ಬಂದ ಮಕ್ಕಳ ಲೆಕ್ಕವನ್ನು ಅದರ ಜೊತೆಗಿಡಬೇಕು. ಒಂದು ಕೇಂದ್ರಕ್ಕೆ ಒಂದೂವರೆ ಕೋಟಿ ಎಂದೇ ಹಿಡಿಯೋಣ. ಐವತ್ತಕ್ಕೆ 75 ಕೋಟಿ. ಆ 25 ಸಾವಿರ ಕೋಟಿಯಲ್ಲಿ ಅದು ನೂರು ರೂಪಾಯಿಗೆ ಮೂವತ್ತು ಪೈಸೆ. ಗಣಿ ಮುಚ್ಚದೆ, ಯಾರ ಕೂಲಿಯೂ ಹೋಗದೆ, ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಎಷ್ಟು ಧೂಳೆದ್ದಿತೆಂದು ಬೆರಳಿಟ್ಟು ತೋರಿಸುವ ಬಲ ಈ ಸೀಮೆಯ ಜನರ ಕೈಗೆ ಬರಲು ಆ ಮೂವತ್ತು ಪೈಸೆ ಸಾಕು.